ಎಲ್ಲರಿಗೂ ನೀನು, ಅವಳಿಗೆ ಮಾತ್ರ ನೀವು

"ಬೆಲ್ಟ್ ಹಾಕ್ಕೊಳ್ಳಿ. ಕಣ್ಣು ಮುಚ್ಕೊಳ್ಳಿ."

ಕೆಲಸಕ್ಕೆ ಸೇರಿದ ದಿನ ಒದೀಲ್‌ಗೆ ಬೆನ್ವಾ ಹೇಳಿದ ಮೊದಲ ಮಾತು ಅದು. ಅವನು ಕಾರು ಕಾರ್ಖಾನೆಯ ಪರೀಕ್ಷಾ ವಿಭಾಗದ ಮುಖ್ಯ ಎಂಜಿನಿಯರ್. ಅವಳು ಆಗಷ್ಟೇ ಓದು ಮುಗಿಸಿ ಫ್ರಾನ್ಸಿನ ಬೆಲ್ಫೋರ್ ಪಟ್ಟಣಕ್ಕೆ ಬಂದಿದ್ದವಳು.

ಕಾರು ಕಲ್ಲುಹಾಸಿನ ಹಾದಿಗೆ ಇಳಿಯಿತು. ಅವಳ ಹಲ್ಲುಗಳು ಕಟಕಟಿಸಿದವು.

"ಸದ್ದು ಎಲ್ಲಿಂದ ಬರ್ತಿದೆ, ಹೇಳಿ."

ಕಾಲೇಜಿನಲ್ಲಿ ಸ್ಪ್ರಿಂಗುಗಳ ಲೆಕ್ಕ ಕಲಿಸಿದ್ದರು. ಕಣ್ಣು ಮುಚ್ಚಿ ಅವುಗಳ ದೂರು ಕೇಳುವುದನ್ನು ಯಾರೂ ಕಲಿಸಿರಲಿಲ್ಲ. ಒದೀಲ್ ಉಸಿರು ಬಿಗಿಹಿಡಿದಳು.

"ಹಿಂದಿನ ಎಡ ಚಕ್ರ... ಅಲ್ಲ. ಚಕ್ರ ಅಲ್ಲ, ಅದನ್ನ ಹಿಡಿದಿರೋ ರಬ್ಬರ್."

ಕಾರು ನಿಂತಿತು. ಕಣ್ಣು ತೆರೆದಾಗ ಅವನು ಅವಳನ್ನೇ ನೋಡುತ್ತಿದ್ದ.

"ಸರಿ. ಅದನ್ನ ಸುಮ್ಮನಿರಿಸೋದು ಇನ್ಮೇಲೆ ನಿಮ್ಮ ಕೆಲಸ."

ನಿಮ್ಮ... ಅವತ್ತು ಆ ಮಾತು ಅವಳಿಗೆ ಇಷ್ಟವೇ ಆಗಿತ್ತು.

ಆಮೇಲೆ ಗೊತ್ತಾಯಿತು, ಪರೀಕ್ಷಾ ವಿಭಾಗದ ಆ ಶೆಡ್ಡಿನಲ್ಲಿ ಯಾರೂ ಯಾರಿಗೂ 'ನೀವು' ಅನ್ನುವುದಿಲ್ಲ. ಕಾರು ಓಡಿಸುವ ಮುದುಕ ರೊಜೇ ಮೊದಲ ಗಂಟೆಯಲ್ಲೇ "ಏನಮ್ಮಾ, ಕಾಫಿ ಕುಡಿತೀಯಾ?" ಎಂದಿದ್ದ. ನಿರ್ದೇಶಕರೂ 'ನೀನು', ಕಸ ಗುಡಿಸುವವನೂ 'ನೀನು'. ಬೆನ್ವಾ ಕೂಡ ಎಲ್ಲರಿಗೂ 'ನೀನು' ಎನ್ನುತ್ತಿದ್ದ.

ಒದೀಲ್‌ಗೆ ಮಾತ್ರ 'ನೀವು'.

ಅವಳು ರಬ್ಬರಿನ ಸದ್ದು ಅಡಗಿಸಿದಳು. ಕೆಲವು ವರ್ಷಗಳಲ್ಲಿ ಒಂದು ಕಾರಿನ ಇಡೀ ಹಿಂಭಾಗ ಅವಳ ಕೈಯಲ್ಲಿ ತಯಾರಾಯಿತು. ಆ ಕಾರು ರಸ್ತೆಗಿಳಿದ ದಿನ ಶೆಡ್ಡಿನವರೆಲ್ಲ ಅವಳ ಕೆನ್ನೆಗೆ ಕೆನ್ನೆ ತಾಗಿಸಿ ಮುತ್ತಿಟ್ಟರು. ಬೆನ್ವಾ ಕೈ ಕುಲುಕಿದ.

"ಚೆನ್ನಾಗಿ ಮಾಡಿದೀರಿ."

ಇವರಲ್ಲಿ ನಾನೊಬ್ಬಳು ಎಂದು ಇವನಿಗೆ ಯಾವತ್ತೂ ಅನ್ನಿಸುವುದಿಲ್ಲವೇ? ದೊಡ್ಡ ಕಾಲೇಜಿನವಳು ಎಂದೇ? ಹುಡುಗಿ ಎಂದೇ? ಕೇಳಬಹುದಿತ್ತು. ಆದರೆ 'ನೀನು' ಎನ್ನಲು ದೊಡ್ಡವರು ಅನುಮತಿ ಕೊಡಬೇಕು, ಕಿರಿಯರು ತಾವಾಗಿ ಬಾಯಿ ಬಿಡಬಾರದು ಎಂದು ಅವಳ ಮನೆಯಲ್ಲಿ ಕಲಿಸಿದ್ದರು. ಅವಳು ಕಾದಳು.

ಅಷ್ಟರಲ್ಲಿ ಪ್ಯಾರಿಸ್ ಕಚೇರಿಯಿಂದ ಕರೆ ಬಂತು. ಮೊದಲು ಬೆನ್ವಾನ ಬಳಿ ಹೋದಳು.

"ಹೊಸ ಕಾರಿನ ಇಡೀ ತಳದ ವಿನ್ಯಾಸ ನನಗೇ ಬಿಡ್ತಾರಂತೆ. ಹೋಗ್ಬೇಕಾ ಬೇಡ್ವಾ ಗೊತ್ತಾಗ್ತಿಲ್ಲ."

ಒಂದೇ ಒಂದು ಸಲ ಇರಿ ಅನ್ನು... ಅವಳ ಮನಸ್ಸಿನಲ್ಲಿ ಅದೊಂದೇ ಇತ್ತು.

ಬೆನ್ವಾ ಕೈಯಲ್ಲಿದ್ದ ಬೋಲ್ಟನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದ. ಅದು ಆಗಲೇ ಫಳಫಳ ಹೊಳೆಯುತ್ತಿತ್ತು.

"ಹೋಗಿ," ಎಂದ. "ನಿಮ್ಮಂಥವರಿಗೆ ಈ ಜಾಗ ಸಾಲದು."

ನಿಮ್ಮಂಥವರಿಗೆ... ಅವತ್ತು ಸಂಜೆಯೇ ಅವಳು ಪ್ಯಾರಿಸ್‌ಗೆ ಒಪ್ಪಿಗೆ ಹೇಳಿದಳು.

ಹೊರಡುವವರಿಗಾಗಿ ಶೆಡ್ಡಿನಲ್ಲಿ ಎಲ್ಲರೂ ನಿಂತು ಒಂದು ಲೋಟ ಕುಡಿಯುವುದು ರೂಢಿ. ಆ ಶುಕ್ರವಾರ ಅದು ಒದೀಲ್‌ಗಾಗಿ. ಟೂಲ್ ಡಬ್ಬದ ಮೇಲೆ ವೈನ್, ಕಡಲೆಬೀಜ, ಹೆಚ್ಚಿಟ್ಟ ಚೀಸ್.

"ಒದೀಲ್, ಪ್ಯಾರಿಸ್‌ನಲ್ಲಿ ನಿಮಗೆ..." ಎಂದು ಬೆನ್ವಾ ಲೋಟ ಎತ್ತಿದ.

ರೊಜೇ ತಲೆ ಚಚ್ಚಿಕೊಂಡ. "ಲೋ, ಇವತ್ತಾದ್ರೂ ಆ ಹುಡುಗೀನ ನೀನು ಅನ್ನೋ. ನೀವು, ನೀವು... ಏನ್ ಕೋರ್ಟಲ್ಲಿ ನಿಂತಿದೀಯಾ?"

ಬೆನ್ವಾನ ಕಿವಿ ಕೆಂಪಾಯಿತು. "ಹೆಂಗಸು ತಾನಾಗಿ ಹೇಳೋವರೆಗೂ ಗಂಡಸು ಕಾಯ್ಬೇಕು. ನಮ್ಮಮ್ಮ ಕಲಿಸಿದ್ದು ಹಾಗೆ. ಇವರು ಹೇಳ್ಲೇ ಇಲ್ಲ."

"ಮತ್ತೆ ಕ್ಯಾಂಟೀನಿನ ಮೊನೀಕ್‌ಗೆ ನೀನು ಅಂತೀಯಲ್ಲ?"

"ಅವಳು ಮೊದಲ್ನೇ ದಿನಾನೇ 'ತಟ್ಟೆ ಹಿಡಿಯೋ' ಅಂದ್ಳು!"

ಎಲ್ಲರೂ ನಕ್ಕರು. ಒದೀಲ್ ನಗಲಿಲ್ಲ.

"ನಾನಾ ಹೇಳ್ಬೇಕಿದ್ದಿದ್ದು?" ಎಂದಳು ಮೆಲ್ಲಗೆ. "ದೊಡ್ಡವರು ನೀವು. ನೀವು ಹೇಳ್ತೀರಿ ಅಂತ ನಾನು ಕಾಯ್ತಿದ್ದೆ."

ನಗುತ್ತಿದ್ದವರು ಲೋಟ ಕೆಳಗಿಳಿಸಿದರು.

"ಇಬ್ಬರೂ ಎಂಜಿನಿಯರ್‌ಗಳು," ಎಂದ ರೊಜೇ. "ಕಾರಿನ ಸದ್ದು ಬಿಟ್ಟು ಬೇರೆ ಏನೂ ಕೇಳ್ಸಲ್ಲ."

ಒದೀಲ್ ಲೋಟವಿಟ್ಟು ಹೊರಗೆ ನಡೆದಳು. ಬೆನ್ವಾ ಹಿಂದೆಯೇ ಬಂದ. ಕಾರುಗಳ ಗಾಜಿನ ಮೇಲೆ ತೆಳ್ಳಗೆ ಹಿಮ ಕಟ್ಟುತ್ತಿತ್ತು.

"ಹೋಗಿ ಅಂದ್ರಲ್ಲ... ನಾನು ಹೋಗೋದು ನಿಮಗೆ ಬೇಕಿತ್ತಾ?"

"ಇಲ್ಲ."

"ಇರಿ ಅಂದಿದ್ರೆ ಇರ್ತಿದ್ದೆ."

"ಗೊತ್ತಿತ್ತು," ಎಂದ ಅವನು. "ಅದಕ್ಕೇ ಹೇಳ್ಲಿಲ್ಲ. ಒಂದಿಡೀ ಕಾರಿಗೆ ತಳ ಕಟ್ಟೋ ಅವಕಾಶ ಎಲ್ಲರಿಗೂ ಸಿಗಲ್ಲ. ನನ್ನಿಂದ ಅದು ತಪ್ಪಿದ್ರೆ, ಮುಂದೆ ಒಂದು ದಿನ ನಿಮ್ಮ ಮುಖ ನೋಡೋಕೆ ನನಗೆ ಆಗ್ತಿರ್ಲಿಲ್ಲ."

ಅವಳು ಅವನತ್ತ ತಿರುಗಿದಳು. ಇಷ್ಟು ವರ್ಷ ತಿರಸ್ಕಾರ ಎಂದುಕೊಂಡಿದ್ದು...

"ಬೇರೆಯವರ ಹತ್ರ ಬಾಯಿಗೆ ಬಂದಿದ್ದು ಆಡ್ತೀನಿ," ಎಂದ ಬೆನ್ವಾ, ಹಿಮ ನೋಡುತ್ತಾ. "ನಿಮ್ಮ ಹತ್ರ ಅಳೆದು ಅಳೆದು ಆಡ್ತಿದ್ದೆ. ಒಂದ್ಸಲ ನೀನು ಅಂದ್ಬಿಟ್ರೆ ಮುಂದಿನ ಮಾತೂ ಬಾಯಿಂದ ಬಿದ್ದೋಗುತ್ತೆ ಅಂತ ಭಯ."

"ಮುಂದಿನ ಮಾತು ಯಾವುದು?"

"ನಿಮ್ಮನ್ನ ಪ್ರೀತಿಸ್ತೀನಿ ಅನ್ನೋದು."

ಒದೀಲ್ ಅವನ ತಣ್ಣನೆಯ ಕೈ ಹಿಡಿದುಕೊಂಡಳು.

"ಈಗ ಹೆಂಗಸು ತಾನಾಗಿ ಹೇಳ್ತಿದಾಳೆ. ನನ್ನನ್ನ ನೀನು ಅನ್ನು. ನಾನೂ ನಿನ್ನನ್ನ ಹಾಗೇ ಕರೀತೀನಿ, ಆಯ್ತಾ? ಈಗ ಹೇಳು... ಹೋಗ್ಲಾ, ಬೇಡ್ವಾ?"

ಅವನು ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಮುಚ್ಚಿಕೊಂಡ.

"ಹೋಗು," ಎಂದ.

ಅವಳು ತಲೆಯಾಡಿಸಿದಳು. ಈ ಸಲ ಆ ಮಾತು ಚುಚ್ಚಲಿಲ್ಲ.

"ಶನಿವಾರ ಬೆಳಿಗ್ಗೆ ಮೊದಲ ರೈಲಿಗೆ ಪ್ಯಾರಿಸ್‌ಗೆ ಬರ್ತೀನಿ," ಎಂದ.

"ನಾಳೆನೇ ಶನಿವಾರ, ಬೆನ್ವಾ. ನಾನು ಹೊರಡೋದು ಭಾನುವಾರ."

"ಹಾಗಾದ್ರೆ ಈ ಶನಿವಾರ ರೈಲು ಬೇಡ. ಬೆಳಿಗ್ಗೆ ತಿಂಡಿಗೆ ನಿನ್ನ ಮನೆಗೆ ಬಿಸಿ ಕ್ರುವಾಸಾಂ ಬನ್ನು ತರ್ತೀನಿ. ಎಷ್ಟು ತಿಂತೀಯಾ?"

"ಏನಂದೆ? ಇನ್ನೊಂದ್ಸಲ ಕೇಳು."

"ಎಷ್ಟು ತಿಂತೀಯಾ?"

"ಎರಡು," ಎಂದಳು ಒದೀಲ್.