ಉತ್ತರ ಬಾರದಿದ್ದಲ್ಲಿ

ಅವನು ಬರಲಾರ ಎಂದೇ ಅವಳು ಎಣಿಸಿದ್ದಳು. ಬಾರದಿದ್ದರೇ ಒಳ್ಳೆಯದು ಎಂದೂ ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡು ಬಂದಿದ್ದಳು. ಆದರೂ ಟಿಕೆಟ್ ಮಾವನ ಕಚೇರಿಯ ಗಾಜಿನ ಬಾಗಿಲು ಕಿರುಗುಟ್ಟಿದಾಗಲೆಲ್ಲ ಅವಳ ಕತ್ತು ಅವಳನ್ನು ಕೇಳದೆ ಅತ್ತ ಹೊರಳುತ್ತಿತ್ತು.

ಟಿಕೆಟ್ ಮಾವನೆಂದರೆ ಅವಳ ತಾಯಿಯ ತಮ್ಮ. ವಿಮಾನದ ಟಿಕೆಟ್ ಮಾರುವುದು ಅವನ ಕಸುಬು. ಒಂದು ಕಾಲಕ್ಕೆ ಈ ಕೋಣೆಯಲ್ಲಿ ಕೂರಲು ಕುರ್ಚಿ ಸಿಗುತ್ತಿರಲಿಲ್ಲ. ಸೋಂಕು ಹಬ್ಬಿ ಆಕಾಶಕ್ಕೇ ಅಗುಳಿ ಬಿದ್ದ ಮೇಲೆ, ಮಾರಿದ ಟಿಕೆಟುಗಳೆಲ್ಲ ಮರಳಿ ಬಂದು ಅವನ ಕೊರಳಿಗೆ ಸುತ್ತಿಕೊಂಡವು. ಗೋಡೆಯ ಪೋಸ್ಟರುಗಳ ಕಡಲತೀರಗಳು ಬಿಸಿಲಿಗೆ ಬಿಳಿಚಿದ್ದವು. ಮೇಜಿನ ಮೇಲಿನ ಆಟಿಕೆ ವಿಮಾನದ ಒಂದು ರೆಕ್ಕೆಗೆ ಅಂಟುಪಟ್ಟಿ ಸುತ್ತಿತ್ತು. ಹಾರದ ವಿಮಾನದ ಹಣವನ್ನು ಕಂಪನಿಯಿಂದ ವಾಪಸ್ ಪಡೆಯುವುದೆಂದರೆ ಆನೆಯ ಬಾಯಿಂದ ಕಬ್ಬು ಕಿತ್ತುಕೊಂಡಂತೆ ಎನ್ನುತ್ತಿದ್ದ ಮಾವ. ಎನ್ನುತ್ತಲೇ ಒಂದೊಂದಾಗಿ ಕಿತ್ತುಕೊಂಡಿದ್ದ. ಕೊನೆಗೆ ಉಳಿದದ್ದು ಅಕ್ಕನ ಮಗಳದೊಂದೇ.

ಒಂದೇ ಬುಕಿಂಗ್, ಇಬ್ಬರು ಪ್ರಯಾಣಿಕರು. ಅದನ್ನು ಪ್ರಯಾಣಿಕರೇ ರದ್ದು ಮಾಡಿದ್ದಾರೆ, ಆದ್ದರಿಂದ ಹಣ ಕೊಡಬೇಕಾಗಿಲ್ಲ ಎಂದು ಕಂಪನಿ ಪಟ್ಟು ಹಿಡಿದಿತ್ತು. ಮಾವ ಸರಕಾರದ ದೂರು ವಿಭಾಗದ ಮೆಟ್ಟಿಲೇರಿದ್ದ. ಅಲ್ಲಿಯ ಅಧಿಕಾರಿ ಇಂದು ಫೋನಿನಲ್ಲೇ ಕೊನೆಯ ವಿಚಾರಣೆ ನಡೆಸುವವರಿದ್ದರು. ಇಬ್ಬರೂ ಒಂದೇ ಕಡೆ ಕೂತು ಉತ್ತರಿಸಬೇಕು. ಮಾತಿಗೆ ಮಾತು ತಾಳೆಯಾಗದಿದ್ದರೆ ಕಡತ ಅಲ್ಲಿಗೇ ಮುಚ್ಚುತ್ತದೆ.

ಹಣದ ಆಸೆಯನ್ನು ಅವಳು ಎಂದೋ ಬಿಟ್ಟಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ಉತ್ತರ. ರದ್ದು ಮಾಡಿದವರು ಯಾರು? ತಾನು ಮಾಡಿರಲಿಲ್ಲ. ಉಳಿದವನು ಒಬ್ಬನೇ. ಆ ಒಬ್ಬನ ಬಾಯಿಂದ ಅದನ್ನು ಒಮ್ಮೆ ಕೇಳಿಬಿಟ್ಟರೆ, ಎದೆಯೊಳಗೆ ಅರೆತೆರೆದಿದ್ದ ಕದವೊಂದನ್ನು ಮುಚ್ಚಿ ನಿಶ್ಚಿಂತೆಯಿಂದ ಬಾಳಬಹುದೆಂದು ಅವಳ ಲೆಕ್ಕ.

ಬಾಗಿಲು ಮತ್ತೆ ಕಿರುಗುಟ್ಟಿತು.

ಒಳಬಂದವನು ಅವನೇ. ಮುಖದ ಅರ್ಧ ಮಾಸ್ಕಿನೊಳಗಿತ್ತು. ಉಳಿದರ್ಧದಲ್ಲಿ ಕನ್ನಡಕ, ಉಸಿರಿನ ಹಬೆ ಕೂತು ಗಾಜು ಮಂಜಾಗಿತ್ತು. ಕನ್ನಡಕದ ಅಂಗಡಿಯವಳು ಅವಳು, ದಿನವಿಡೀ ಕಣ್ಣುಗಳನ್ನೇ ನೋಡಿ ಅನ್ನ ತಿನ್ನುವವಳು. ಆದರೆ ಇಂದು ನೋಡಲೇಬೇಕಾಗಿದ್ದ ಎರಡು ಕಣ್ಣುಗಳು ಮಂಜಿನ ಆಚೆ ಇದ್ದವು. ಹಬೆ ನಿಧಾನವಾಗಿ ಕರಗುತ್ತ ಬಂತು. ಮೊದಲು ರೆಪ್ಪೆ, ಆಮೇಲೆ ಕಂದು ಪಾಪೆಯ ಅಂಚು. ಪೂರ್ತಿ ಕಾಣುವ ಮೊದಲೇ ಅವಳು ದೃಷ್ಟಿ ಕಿತ್ತುಕೊಂಡಳು.

ಕಿತ್ತುಕೊಳ್ಳುವಾಗ ಇನ್ನೊಂದು ಕಂಡಿತು. ಅದು ಅವಳೇ ಮಾಡಿಕೊಟ್ಟಿದ್ದ ಕನ್ನಡಕ. ಬಲಗಡೆಯ ತಿರುಪು ಬಿದ್ದುಹೋಗಿ, ಅಲ್ಲಿ ತಾಮ್ರದ ತಂತಿಯ ಒಂದು ಎಳೆಯನ್ನು ಬಿಗಿದು ಸುತ್ತಿದ್ದ. ಊರಿನಲ್ಲಿ ಬೇರೆ ಕನ್ನಡಕದ ಅಂಗಡಿಗಳಿಗೆ ಬರವಿರಲಿಲ್ಲ.

“ಚೆನ್ನಾಗಿದ್ದೀರಾ?” ಎಂದ.

ನೀನು ಎನ್ನುತ್ತಿದ್ದವನು ನೀವು ಎಂದಿದ್ದ. ಇದ್ದೇನೆ ಎಂದು ಅವಳು ತಲೆಯಾಡಿಸಿದಳು. ಇಬ್ಬರ ನಡುವೆ ಒಂದು ಕುರ್ಚಿ ಖಾಲಿ ಉಳಿಯಿತು.

ಅವನು ಲಿಫ್ಟ್ ರಿಪೇರಿಯವನು. ಮೊದಲ ಸಲ ಅವನನ್ನು ಕಂಡದ್ದು ಅವಳ ಅಂಗಡಿಯಿದ್ದ ಕಟ್ಟಡದ ಲಿಫ್ಟ್ ಕೆಟ್ಟು ನಿಂತ ದಿನ. ತಾನು ಒಳಗಿರುವಾಗ ಯಾರೂ ಲಿಫ್ಟ್ ಚಾಲೂ ಮಾಡದಂತೆ ವಿದ್ಯುತ್ ಪೆಟ್ಟಿಗೆಗೆ ತನ್ನದೊಂದು ಕೆಂಪು ಬೀಗ ಜಡಿದು ಅವನು ಲಿಫ್ಟಿನ ಗುಂಡಿಯೊಳಗೆ ಇಳಿದಿದ್ದ. ಕಟ್ಟಡದ ಮಾಲೀಕರು ತಾಳ್ಮೆಗೆಟ್ಟು ಆ ಬೀಗ ಒಡೆಸಲು ಹೊರಟರು. ಮುಖಕ್ಕೆಲ್ಲ ಗ್ರೀಸ್ ಮೆತ್ತಿಕೊಂಡ ತಲೆಯೊಂದು ಗುಂಡಿಯಿಂದ ಮೇಲೆದ್ದಿತು.

“ಸಾರ್, ಬೀಗ ಹಾಕಿದವನೇ ತೆಗೀಬೇಕು. ನಾನು ಸತ್ತರೆ ನಮ್ಮ ಆಫೀಸಿನವರು ಬಂದು ತೆಗೀತಾರೆ. ನಾನಿನ್ನೂ ಸತ್ತಿಲ್ಲ.”

ಮೆಟ್ಟಿಲ ಮೇಲೆ ನಿಂತಿದ್ದ ಅವಳಿಗೆ ನಗು ತಡೆಯಲಾಗಲಿಲ್ಲ. ಅದೇ ಸಂಜೆ ಅವನು ಕೈಮುಖ ತೊಳೆದುಕೊಂಡು ಅಂಗಡಿಗೆ ಬಂದು, ತನಗೆ ದೂರದ್ದು ಕಾಣುತ್ತಿಲ್ಲ ಎಂದ. ಅವಳು ಅವನ ಕಣ್ಣಿನೆದುರು ಒಂದು ಗಾಜಿಟ್ಟು, ತೆಗೆದು, ಇನ್ನೊಂದಿಟ್ಟು, ಹೀಗೆ ಸ್ಪಷ್ಟವೋ ಹೀಗೆ ಸ್ಪಷ್ಟವೋ ಎಂದು ಕೇಳಿದಳು. ಯಾವುದು ಸರಿಯೆಂದು ಪರೀಕ್ಷಿಸುವವರು ಸೂಚಿಸಕೂಡದು; ಉತ್ತರ ಎದುರಿನವರ ಬಾಯಿಂದಲೇ ಬರಬೇಕು. ಅದು ಅವಳ ಕಸುಬಿನ ಶಿಸ್ತು. ಅವನು ಬಹಳ ಹೊತ್ತು ಯೋಚಿಸಿ, “ಎರಡರಲ್ಲೂ ನೀವೇ ಕಾಣ್ತಿದ್ದೀರಿ” ಎಂದಿದ್ದ.

ಆಮೇಲಿನದೆಲ್ಲ ಸುಸೂತ್ರವಾಗಿಯೇ ಸಾಗಿತ್ತು. ಅವನನ್ನು ಸಾಕಿ ಬೆಳೆಸಿದ ಅಜ್ಜಿ ಕಡಲಾಚೆಯ ದ್ವೀಪವೊಂದರಲ್ಲಿ ಗಾಲಿಕುರ್ಚಿ ಹಿಡಿದು ಕೂತಿದ್ದಳು. ಆ ಅಜ್ಜಿಯ ಕಣ್ಣೆದುರಿಗೇ ಮದುವೆಯಾಗಬೇಕೆಂದು ಇಬ್ಬರೂ ಟಿಕೆಟ್ ತೆಗೆದರು. ಅಷ್ಟರಲ್ಲಿ ಸೋಂಕು ಬಂತು. ಅವನು ನೋಡಿಕೊಳ್ಳುತ್ತಿದ್ದ ಆಸ್ಪತ್ರೆಯ ಲಿಫ್ಟುಗಳು ಒಂದು ಗಳಿಗೆಯೂ ನಿಲ್ಲಬಾರದೆಂದು ಅವನನ್ನು ಅಲ್ಲೇ ಉಳಿಯಲು ಹೇಳಿದರು. ಅವನು ಒಪ್ಪಿಕೊಂಡ. ತನ್ನನ್ನೊಂದು ಮಾತು ಕೇಳದೆ ಒಪ್ಪಿಕೊಂಡನಲ್ಲ ಎಂದು ಅವಳಿಗೆ ಉರಿ. ಆ ಉರಿಯ ಹಿಂದೆ ಇದ್ದದ್ದು ಹೆದರಿಕೆ. ಆದರೆ ಹೆದರಿಕೆಗೆ ಬಾಯಿಲ್ಲ, ಕೋಪಕ್ಕಿದೆ. ಹಾಗಾದರೆ ಅಲ್ಲೇ ಇರು, ನಾನಾಗಿ ಫೋನ್ ಮಾಡುವವರೆಗೂ ನೀನು ಮಾಡಬೇಡ ಎಂದು ಹೇಳಿ ಅವಳು ಫೋನ್ ಇಟ್ಟಿದ್ದಳು.

ಅವನು ಮಾಡಲಿಲ್ಲ. ಮಾಡಲಿ ಎಂದು ಅವಳು ಕಾದಳು. ಕೊನೆಗೆ ಬಂದದ್ದು ಕಂಪನಿಯ ಒಂದು ಸಾಲು: ನಿಮ್ಮ ಟಿಕೆಟನ್ನು ಪ್ರಯಾಣಿಕರ ಕಡೆಯಿಂದ ರದ್ದುಪಡಿಸಲಾಗಿದೆ. ಅದನ್ನು ಓದಿ ಅವಳು ಅಂಗಡಿಯ ಬಾಗಿಲೆಳೆದುಕೊಂಡು ಒಬ್ಬಳೇ ಕೂತುಬಿಟ್ಟಳು. ಎದುರಿನ ಗೋಡೆಯ ಅಕ್ಷರಫಲಕದಲ್ಲಿ ದೊಡ್ಡ ಅಕ್ಷರವೂ ಕಾಣದಷ್ಟು ಕಣ್ಣು ತುಂಬಿತ್ತು.

“ಇಬ್ರೂ ಒಂದೇ ಮಾತು ಹೇಳಿ,” ಎಂದು ಟಿಕೆಟ್ ಮಾವ ಈಗ ತಗ್ಗಿದ ದನಿಯಲ್ಲಿ ಬೇಡಿಕೊಂಡ. “ನಿಮ್ಮ ಜಗಳ ಆಮೇಲಿಟ್ಕೊಳ್ಳಿ. ಬೇಕಾದ್ರೆ ನನ್ನ ಕುರ್ಚೀನೂ ಮುರೀರಿ.”

“ನಡೆದದ್ದನ್ನೇ ಹೇಳೋದು ಮಾವ,” ಎಂದಳು ಅವಳು.

“ನಾನೂ ಅಷ್ಟೆ,” ಎಂದ ಅವನು.

ಇಬ್ಬರೂ ನಿಜ ಹೇಳಿದರೆ ಕಡತ ಮುಚ್ಚಿತೆಂದೇ ಅರ್ಥ ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡಳು. ಫೋನ್ ಬಡಿದುಕೊಂಡಿತು.

ಅಧಿಕಾರಿಯದು ಹೆಣ್ಣುದನಿ, ಇಸ್ತ್ರಿ ತೀಡಿದ ಬಟ್ಟೆಯಂತೆ, ಒಂದು ಸುಕ್ಕೂ ಇರಲಿಲ್ಲ. ಬುಕಿಂಗ್ ಸಂಖ್ಯೆ ಓದಿ, ಮೊದಲನೆಯ ಪ್ರಯಾಣಿಕರು, ಎರಡನೆಯ ಪ್ರಯಾಣಿಕರು ಎಂದೇ ಕರೆಯುವುದಾಗಿ ತಿಳಿಸಿದರು. ಕೇಳಿದಷ್ಟಕ್ಕೆ ಉತ್ತರ ಸಾಕು ಎಂದರು. ಮೊದಲನೆಯವಳು ಅವಳು.

“ಟಿಕೆಟ್ ರದ್ದು ಮಾಡಿದ್ದು ನೀವಾ?”

“ಇಲ್ಲ.”

“ಎರಡನೇ ಪ್ರಯಾಣಿಕರು?”

ಅವಳು ಆಟಿಕೆ ವಿಮಾನದ ಮುರಿದ ರೆಕ್ಕೆಯ ಮೇಲೆ ಕಣ್ಣು ನೆಟ್ಟಳು. ಇಷ್ಟು ದಿನ ಕಾದ ಉತ್ತರ ಇನ್ನೊಂದು ಉಸಿರಿನಷ್ಟು ದೂರದಲ್ಲಿತ್ತು. ಈಗ ಅದು ಬೇಡವೆನಿಸಿತು.

“ಇಲ್ಲ ಮೇಡಂ, ನಾನು ಮಾಡಿಲ್ಲ,” ಎಂದ ಅವನು. ಆಮೇಲೆ, ಫೋನಿಗಲ್ಲದೆ ನೆಲಕ್ಕೆ ಹೇಳುವಂತೆ, “ಇವರು ಮಾಡಿದ್ರು ಅಂದ್ಕೊಂಡಿದ್ದೆ.”

ಟಿಕೆಟ್ ಮಾವನ ಕೈಯ ಪೆನ್ನು ಉರುಳಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಯಾರೂ ಬಾಗಲಿಲ್ಲ.

ಅಧಿಕಾರಿ ಹಾಳೆ ಮಗುಚಿದ ಸದ್ದು ಕೇಳಿಸಿತು. ಕಂಪನಿ ಇಬ್ಬರಿಗೂ ಒಂದು ಮಿಂಚಂಚೆ ಕಳಿಸಿತ್ತಂತೆ. ವಿಮಾನ ಒಂದು ದಿನ ಮುಂದಕ್ಕೆ ಹೋಗಿದೆ, ಒಪ್ಪಿಗೆಯಾದರೆ ಇಲ್ಲಿ ಒತ್ತಿ ಎಂದು ಅದರಲ್ಲಿತ್ತು. ಇಬ್ಬರಿಗೂ ಸೇರಿ ಗುಂಡಿ ಒಂದೇ, ಯಾರೊಬ್ಬರು ಒತ್ತಿದ್ದರೂ ಸಾಕಿತ್ತು. ಎಲ್ಲಕ್ಕಿಂತ ಕೆಳಗೆ, ಇರುವೆಯ ಸಾಲಿನಂಥ ಅಕ್ಷರದಲ್ಲಿ, ಉತ್ತರ ಬಾರದಿದ್ದಲ್ಲಿ ಪ್ರಯಾಣಿಕರೇ ರದ್ದುಪಡಿಸಿದಂತೆ ಎಣಿಸಲಾಗುವುದು ಎಂದಿತ್ತು.

ಮಾವ ಹಣೆ ಚಚ್ಚಿಕೊಂಡು, ಊರವರಿಗೆಲ್ಲ ಕೊನೇ ಸಾಲು ಓದಿಸುವವಳೇ ಕೊನೇ ಸಾಲು ಓದಲಿಲ್ಲವಲ್ಲ ಎಂದು ಗೊಣಗಿದ.

“ಯಾಕೆ ಒತ್ತಲಿಲ್ಲ?” ಅಧಿಕಾರಿ ಕೇಳಿದರು. “ಹೋಗೋ ಮನಸ್ಸಿರಲಿಲ್ವಾ?”

ಇದಕ್ಕೆ ಅವನೇ ಮೊದಲು ಉತ್ತರಿಸಿದ. ಮನಸ್ಸಿತ್ತು ಎಂದ. ಆಸ್ಪತ್ರೆಯಲ್ಲಿ ಕಾಡಿಬೇಡಿ ರಜೆ ಪಡೆದು, ನನ್ನ ಬದಲಿಗೆ ಒಬ್ಬರನ್ನು ಗೊತ್ತುಮಾಡಿದ್ದೆ. ಕಟ್ಟಿದ ಚೀಲ ಲಿಫ್ಟಿನ ಯಂತ್ರದ ಕೋಣೆಯಲ್ಲೇ ಕಾಯುತ್ತಿತ್ತು ಎಂದ. “ಒತ್ತೋ ಹಕ್ಕು ನಂದಲ್ಲ ಅಂತ ಬಿಟ್ಟೆ, ಮೇಡಂ.”

ರಜೆಯ ವಿಷಯ ಅವಳಿಗೆ ಗೊತ್ತಿರಲಿಲ್ಲ. “ನಾನು… ಅವರಾಗೇ ಹೇಳಲಿ ಅಂತ ಕಾದೆ,” ಎಂದಷ್ಟೇ ಹೇಳಲಾಯಿತು.

“ಇಬ್ಬರೂ ಕಾಯ್ತಾ ಕೂತ್ರಿ.” ಆ ದನಿಯಲ್ಲಿ ಮೊದಲ ಸಲ ಒಂದು ಸಣ್ಣ ಸುಕ್ಕು ಬಿತ್ತು. “ಹೋಗಲಿ, ಆ ಬದಲಾದ ದಿನವೂ ವಿಮಾನ ಹಾರಲಿಲ್ಲ. ಹಾರದ ವಿಮಾನಾನ ನೀವು ರದ್ದು ಮಾಡೋದು ಹೇಗೆ? ಸುಮ್ಮನಿದ್ದರು ಅಂದ ಮಾತ್ರಕ್ಕೆ ಬೇಡ ಅಂದ ಹಾಗಲ್ಲ. ಕಂಪನಿ ಹಣ ವಾಪಸ್ ಕೊಡಬೇಕು ಅಂತ ಬರೀತೀನಿ.”

ಟಿಕೆಟ್ ಮಾವ ಕಣ್ಣು ಮುಚ್ಚಿ ಕುರ್ಚಿಗೆ ಒರಗಿದ. ಆದರೆ ವಿಚಾರಣೆ ಮುಗಿದಿರಲಿಲ್ಲ. ಬುಕಿಂಗ್ ಒಂದೇ ಆದ್ದರಿಂದ ಹಣ ಒಂದೇ ಖಾತೆಗೆ ಹೋಗಬೇಕು. ಇಬ್ಬರೂ ಈಗ ಬೇರೆ ಬೇರೆಯಾಗಿದ್ದರೆ ಕಡತವನ್ನು ಎರಡು ಮಾಡಬೇಕು, ಎಲ್ಲವೂ ಮತ್ತೆ ಮೊದಲಿನಿಂದ.

“ಟಿಕೆಟ್ ತೆಗೆದಾಗ ‘ಮದುವೆಯಾಗಲಿರುವವರು’ ಅಂತ ಬರೆಸಿದ್ದೀರಿ. ಈಗ ನಿಮ್ಮಿಬ್ಬರ ಸಂಬಂಧ ಏನು?”

ಗೋಡೆಯ ಫ್ಯಾನು ಅತ್ತಿಂದಿತ್ತ ತಲೆಯಾಡಿಸುತ್ತಿತ್ತು. ಟಿಕೆಟ್ ಮಾವ ಮೊದಲು ಅವಳನ್ನು ನೋಡಿದ, ಆಮೇಲೆ ಅವನನ್ನು. ಅದೇ ಸಂಬಂಧ ಅಂದರೆ ಹಣ ನಾಳೆಯೇ ಬಂದೀತು. ಹಾಗೆಂದೇ ಅವಳ ನಾಲಿಗೆ ಕಟ್ಟಿತು. ಹಣಕ್ಕಾಗಿ ಅಂದಳು ಎಂದು ಅವನು ತಿಳಿದರೆ, ಈ ಜನ್ಮದಲ್ಲಿ ಆ ಮಾತಿಗೆ ಇನ್ನೊಮ್ಮೆ ಬೆಲೆ ಬಾರದು.

“ಹೇಳಿ. ಉತ್ತರ ಬಾರದಿದ್ರೆ ಸಂಬಂಧ ಇಲ್ಲ ಅಂತ ಬರ್ಕೊಳ್ಳಬೇಕಾಗುತ್ತೆ.”

ಅವನೇಕೆ ಸುಮ್ಮನಿದ್ದಾನೆ? ಬದಿಗಣ್ಣಿನಿಂದ ನೋಡಿದಳು. ಮಂಜು ಪೂರ್ತಿ ಆರಿತ್ತು. ಆ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು, ಗುಂಡಿಯೊಳಗಿನ ಮನುಷ್ಯ ಮೇಲಿನ ಬೆಳಕನ್ನು ನೋಡುವಂತೆ. ಕಾಲ ಬಳಿ ಇಟ್ಟಿದ್ದ ಅವನ ಕೆಲಸದ ಚೀಲದ ಕೊಂಡಿಗೆ ಅದೇ ಕೆಂಪು ಬೀಗ ತೂಗುತ್ತಿತ್ತು.

ಆಗ ಅವಳಿಗೆ ಹೊಳೆಯಿತು. ಅವನು ಮುನಿದಿರಲಿಲ್ಲ, ಮರೆತೂ ಇರಲಿಲ್ಲ. ನಾನಾಗಿ ಮಾಡುವವರೆಗೂ ನೀನು ಮಾಡಬೇಡ ಎಂದು ಅವಳು ಅಂದಿದ್ದಳು. ಅವನು ಅದನ್ನು ಬರಿಯ ಕೋಪದ ಮಾತೆಂದು ಬಗೆಯಲಿಲ್ಲ, ಅವಳು ಹಾಕಿದ ಬೀಗವೆಂದು ಬಗೆದ. ಇನ್ನೊಬ್ಬರ ಬೀಗಕ್ಕೆ ಕೈಹಚ್ಚಿದರೆ ಒಳಗಿರುವವರ ಜೀವಕ್ಕೆ ಅಪಾಯ ಎಂಬುದನ್ನೇ ಕಲಿತು ಬೆಳೆದವನು. ಇತ್ತ ಅವಳು, ಉತ್ತರ ಎದುರಿನವರ ಬಾಯಿಂದಲೇ ಬರಲಿ ಎಂದು ಗಾಜು ಹಿಡಿದು ನಿಂತಿದ್ದಳು. ತಂತಮ್ಮ ಕಸುಬಿನ ನೇಮವನ್ನು ಇಬ್ಬರೂ ತಪ್ಪದೆ ಪಾಲಿಸಿದ್ದರು.

ಅವಳು ಎದ್ದು ನಡುವಿನ ಖಾಲಿ ಕುರ್ಚಿಗೆ ಬಂದು ಕೂತಳು.

“ಮೇಡಂ, ಹಣ ಬೇರೆ ಬೇರೆನೇ ಹಾಕಿ. ಕಡತ ಎರಡು ಮಾಡಿ, ಎಷ್ಟು ತಡವಾದ್ರೂ ಆಗಲಿ.” ಫೋನನ್ನು ತನ್ನ ಕಡೆಗೆ ಸರಿಸಿಕೊಂಡಳು. “ಸಂಬಂಧದ ಜಾಗದಲ್ಲಿ ಮಾತ್ರ ಮೊದಲು ಏನಿತ್ತೋ ಅದನ್ನೇ ಬರೀರಿ.” ಆಮೇಲೆ ಅವನ ಕಡೆ ತಿರುಗಿದಳು. “ಬೀಗ ಹಾಕಿದವಳು ನಾನು. ತೆಗೀತಿದ್ದೀನಿ.”

ಅವನ ಕನ್ನಡಕ ಮತ್ತೆ ಮಂಜಾಯಿತು. ಈ ಸಲ ಅದು ಬರಿಯ ಉಸಿರಿನ ಹಬೆಯಂತೆ ಕಾಣಲಿಲ್ಲ.

“ಹಾಗೆಲ್ಲ ಬರೆಯೋಕಾಗಲ್ಲಮ್ಮ,” ಎಂದರು ಅಧಿಕಾರಿ. “ಸಂಬಂಧ ಒಂದು ಅಂದ್ರೆ ಖಾತೆಯೂ ಒಂದು. ಎರಡನೇ ಪ್ರಯಾಣಿಕರೂ ಬಾಯಿಬಿಟ್ಟು ಹೇಳಬೇಕು. ಇಲ್ಲದಿದ್ರೆ…”

“ಹೇಳ್ತೀನಿ, ಮೇಡಂ.” ಅವನು ಫೋನಿನ ಕಡೆ ಬಾಗಿದ. “ಮದುವೆಯಾಗಲಿರುವವರು ಅಂತಲೇ ಬರ್ಕೊಳ್ಳಿ. ತಡವಾಗಿದೆ ಅಷ್ಟೆ. ರದ್ದಾಗಿಲ್ಲ.”

ಆ ಕಡೆ ಕೀಲಿಮಣೆ ಟಕಟಕ ಎಂದಿತು. ಖಾತೆ ಯಾರದು ಎಂಬ ಪ್ರಶ್ನೆಗೆ ಅವನು ಅವಳದು ಎಂದ, ಅವಳು ಅವನದು ಎಂದಳು. ಕೊನೆಗೆ ಟಿಕೆಟ್ ಮಾವ ಫೋನಿಗೆ ಬಾಯಿಟ್ಟು, ನನ್ನ ಖಾತೆಗೇ ಹಾಕಿ ತಾಯಿ, ಇವರಿಬ್ಬರಿಗೂ ಅದರಲ್ಲೇ ಟಿಕೆಟ್ ತೆಗೆದುಕೊಡುತ್ತೇನೆ, ಅಲ್ಲಿ ಇವನಜ್ಜಿ ಇನ್ನೂ ಕಾಯುತ್ತಾ ಕೂತಿದ್ದಾಳೆ ಎಂದು ಇತ್ಯರ್ಥ ಮಾಡಲು ಬಂದ. ಅದಕ್ಕೆ ನಿಯಮದಲ್ಲಿ ಅವಕಾಶವಿರಲಿಲ್ಲ. ಅವಳ ಖಾತೆಯೇ ದಾಖಲಾಯಿತು. ಅಧಿಕಾರಿ ಶುಭವಾಗಲಿ ಎಂದು ಹೇಳಿದರೋ, ಇಲ್ಲ ಲೈನು ಕಡಿಯುವಾಗಿನ ಸದ್ದೇ ಹಾಗೆ ಕೇಳಿಸಿತೋ, ಮೂವರಲ್ಲಿ ಯಾರಿಗೂ ಖಚಿತವಿಲ್ಲ.

ಮಾವ ಪೆನ್ನು ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದವನು, ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ಉಳಿದ.

“ಕನ್ನಡಕ ಕೊಡು,” ಎಂದಳು ಅವಳು.

ಅವನು ಕಳಚಿಕೊಟ್ಟ. ಕೈಚೀಲದಿಂದ ಪುಟ್ಟ ತಿರುಪುಳಿ ತೆಗೆದು, ತಾಮ್ರದ ಎಳೆಯನ್ನು ನಿಧಾನವಾಗಿ ಬಿಚ್ಚಿ, ಹೊಸ ತಿರುಪು ಕೂರಿಸಿದಳು. ಎಳೆಯನ್ನು ಎಸೆಯದೆ ಬೆರಳಿಗೆ ಸುತ್ತಿಕೊಂಡಳು. ಗಾಜು ಒರೆಸಿ, ತಾನೇ ಅವನ ಕಿವಿಗಳಿಗೆ ಏರಿಸಿ, ಹಿಂದಕ್ಕೆ ಸರಿದು ಕೂತಳು.

“ಸ್ಪಷ್ಟವಾಗಿ ಕಾಣುತ್ತಾ?”

ಅವನು ಬಹಳ ಹೊತ್ತು ಯೋಚಿಸಿದ. ಅವಳು ಏನನ್ನೂ ಸೂಚಿಸಲಿಲ್ಲ.

“ಕನ್ನಡಕ ಏರಿಸೋವಾಗ ಇದ್ದಷ್ಟು ಹತ್ತಿರಕ್ಕೇ ಬಾ,” ಎಂದ. “ನೀನು ಅಲ್ಲಿದ್ದಾಗ ಚೆನ್ನಾಗಿ ಕಾಣ್ತಿತ್ತು.”