ಎಡತೊಡೆ ಒತ್ತಿದ ಕೈ

ನಮ್ಮ ಸಮೋವಾದಲ್ಲಿ ಹಚ್ಚೆಯ ಗಾಯ ಆರುವ ತನಕ ಹಾಕಿಸಿಕೊಂಡವನೊಬ್ಬನನ್ನೇ ಬಿಡುವುದಿಲ್ಲ; ಬಿಟ್ಟರೆ ದೆವ್ವ ಬಂದು ಪಕ್ಕ ಕೂರುತ್ತದಂತೆ. ನಾನದನ್ನು ಮುದುಕಿಯರ ಹೆದರಿಕೆ ಎಂದುಕೊಂಡಿದ್ದೆ.

ಸೊಂಟದಿಂದ ಮೊಣಕಾಲಿನವರೆಗೆ ಹಚ್ಚೆ ಮುಗಿದ ಮೂರನೆಯ ದಿನ ಮಧ್ಯಾಹ್ನ, ಗೋಡೆಯಿಲ್ಲದ ನಮ್ಮ ಮನೆಯಲ್ಲಿ ಚಾಪೆಯ ಮೇಲೆ ಬೋರಲು ಮಲಗಿದ್ದೆ. ಚಿಕ್ಕಪ್ಪನ ಮಗ ಟೋವಿಯಾ ಬೀಸಣಿಗೆ ಬೀಸುತ್ತಿದ್ದ. ನನಗೆ ಜೊಂಪು ಹತ್ತಿತು. ಎಚ್ಚರವಾದಾಗ ಯಾರೋ ಕೀವುನೀರು ಇಳಿಯಲೆಂದು ನನ್ನ ಎಡತೊಡೆ ಒತ್ತುತ್ತಿದ್ದರು. ದಿನವೂ ಹಾಗೆ ಒತ್ತುವಾಗ ಪ್ರಾಣ ಹೋದಂತಾಗುತ್ತಿತ್ತು. ಅವತ್ತು ನೋವೇ ಇರಲಿಲ್ಲ. ಕೈ ಮಾತ್ರ ಆಗಷ್ಟೇ ಕಡಲಿನಿಂದ ಎತ್ತಿದ ಮೀನಿನಂತೆ ತಣ್ಣಗಿತ್ತು.

“ಸಾಕು ಕಣೋ ಟೋವಿಯಾ,” ಎಂದೆ. ಕೈ ನಿಲ್ಲಲಿಲ್ಲ. ಆಗಲೇ ದೂರದ ದಂಡೆಯಲ್ಲಿ ಟೋವಿಯಾ ನಗುವುದು ಕೇಳಿಸಿತು. ತಿರುಗಿ ನೋಡಲು ಧೈರ್ಯ ಬರಲಿಲ್ಲ. ಅವನ ಹೆಜ್ಜೆಯ ಸದ್ದು ಹತ್ತಿರವಾದ ಮೇಲೆಯೇ ಆ ಕೈ ಎದ್ದಿದ್ದು.

“ನನ್ನ ಬಿಟ್ಟು ಎಲ್ಲಿ ಸತ್ತಿದ್ಯೋ?”

“ಲಗಿ ಅತ್ತೆ ಬಂದು ಕೂತ್ಲಲ್ಲೋ, ಅದಕ್ಕೇ ಹೋದೆ. ಮಾತಾಡ್ಸಿದ್ರೆ ತಿರುಗೂ ನೋಡ್ಲಿಲ್ಲ, ಏನು ಜಂಬ!”

ಲಗಿ ಅತ್ತೆ ಬೆಳಿಗ್ಗೆಯೇ ದೋಣಿ ಹತ್ತಿ ಪೇಟೆಗೆ ಹೋಗಿದ್ದಳು. ಮನೆಗೆ ಬಂದದ್ದು ಸಂಜೆ.

ಹಚ್ಚೆ ಹಾಕಿದ ಮುದುಕನನ್ನು ಕರೆಸಿದರು. ಎಡತೊಡೆಯ ಗಾಯ ಪೂರ್ತಿ ಆರಿ, ಅದರ ಮೇಲೆ ಕೂದಲೂ ಬೆಳೆದಿತ್ತು. ಬಲತೊಡೆ ಹಸಿಯಾಗಿಯೇ ಇತ್ತು.

“ಬಂದಿದ್ದಕ್ಕೆ ಇನ್ನೂ ಅರ್ಧ ಕೆಲ್ಸ ಬಾಕಿ ಇದೆ. ಇವನ್ನ ಬಿಟ್ಟು ಯಾರೂ ಏಳ್ಬೇಡಿ,” ಎಂದ ಮುದುಕ.

ಎರಡು ವರ್ಷವಾಯಿತು. ಮನೆಯವರು ಸರದಿಯ ಮೇಲೆ ನನ್ನ ಪಕ್ಕ ಕೂರುತ್ತಾರೆ. ಬಲತೊಡೆ ಇನ್ನೂ ಆರಿಲ್ಲ.