ತೂತು ಕೊರೆಯಬಾರದ ಉಕ್ಕು

ನನಗೆ ಅರಳು ಮರಳು ಅಂತೀರಾ? ಬೆಳಿಗ್ಗೆ ತಿಂದಿದ್ದು ಮರೆತಿರಬಹುದು ಕಣ್ರಯ್ಯಾ, ಇದು ಮರೆಯೋ ವಿಷಯ ಅಲ್ಲ. ಬಾಯಿ ಮುಚ್ಕೊಂಡು ಕೇಳಿ.

ನನ್ನ ಲೇತ್ ಶಾಪಿನ ಪಕ್ಕದ ಶೆಡ್ಡಿಗೆ ಒಬ್ಬ ಬಾಡಿಗೆಗೆ ಬಂದ. ಹೆಂಡತಿ ಮಕ್ಕಳಿಲ್ಲ. ಕೈಯಾರೆ ಚಾಕು ಮಾಡುವ ಹುಚ್ಚು, ಹಾಗಾಗಿ ನಮಗೆಲ್ಲ ಅವನು ‘ಚೂರಿ’. ನನ್ನ ಗೋಡೆಗೆ ನೇತುಹಾಕಿದ್ದ ಹಳೆಯ ಗರಗಸದ ಅಲಗನ್ನು ಕಾಡಿಬೇಡಿ ಇಸಿದುಕೊಂಡ.

“ಹಿಡಿಗೆ ದಾರ ಸುತ್ಕೋ. ತೂತು ಮಾತ್ರ ಕೊರೀಬೇಡ,” ಎಂದೆ. “ಯಾರೋ ಮಾಟ ಮಾಡಿಸಿರೋ ಉಕ್ಕು ಅದು. ಕೊರೆದವನನ್ನ ಯಾರು ಹೆಚ್ಚು ಹಚ್ಚಿಕೊಂಡಿರ್ತಾರೋ ಅವರ ಮೈಗೆ ತೂತು ಬೀಳುತ್ತೆ. ನನ್ನ ಗುರುವಿನ ಹೆಂಡತಿ ಹೋಗಿದ್ದು ಹಾಗೇ.”

ಹೊಟ್ಟೆ ಹಿಡಿದು ನಕ್ಕ. “ಹಾಗಾದ್ರೆ ನಾನೇ ಕೊರೀಬೇಕು ಮೇಸ್ತ್ರೀ. ನನ್ನ ಹಚ್ಚಿಕೊಳ್ಳೋಕೆ ಒಂದು ನಾಯೀನೂ ಇಲ್ಲ.”

ಅವನಿಗೆ ತಂಗಿಯೊಬ್ಬಳಿದ್ದಳು. ಅಮ್ಮ ಸತ್ತ ಮೇಲೆ ಒಂಬತ್ತು ವರ್ಷದಿಂದ ಇಬ್ಬರಿಗೂ ಮಾತಿರಲಿಲ್ಲ.

ಹಿಡಿಯ ಮೊಳೆಗಳಿಗೆ ಎರಡು ಗುರುತು ಹಾಕಿದ. ಗಟ್ಟಿ ಉಕ್ಕು. ಡ್ರಿಲ್ಲಿನ ಬಿಟ್ ಜಾರಿತು, ಕಿರುಚಿತು, ತುದಿ ನೀಲಿಗಟ್ಟಿ ಮುರಿಯಿತು. ಸೋಲುವ ಆಸಾಮಿಯೇ ಅಲ್ಲ. ಆ ಭಾಗವನ್ನು ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು, ನಿಧಾನಕ್ಕೆ ಆರಿಸಿ ಮೆತ್ತಗೆ ಮಾಡಿಕೊಂಡ. ಮರುದಿನ ಮಧ್ಯಾಹ್ನ ಎಣ್ಣೆ ಬಿಡುತ್ತಾ ಕೊರೆದ. ಮೊದಲ ತೂತು ಬಿದ್ದಾಗ ನಾನು ಬಾಗಿಲಲ್ಲಿದ್ದೆ. ಮೂಗಿಗೆ ಬಡಿದದ್ದು ಸುಟ್ಟ ಚರ್ಮದ ವಾಸನೆ.

ಫೋನ್ ಬಡಿದುಕೊಂಡಿತು. ಕೈಯೆಲ್ಲ ಎಣ್ಣೆ, ಮೊಣಕೈಯಲ್ಲೇ ಒತ್ತಿ ಸ್ಪೀಕರ್ ಹಾಕಿದ.

“ಅಣ್ಣಾ... ನಾನು ಕಣೋ. ಎಡ ಅಂಗೈಲಿ ತೂತು ಬಿದ್ದಿದೆ. ರಕ್ತ ಇಲ್ಲ. ಆಚೆ ಬೆಳಕು ಕಾಣ್ತಿದೆ. ಯಾಕೋ ನಿನಗೇ ಮೊದಲು ಹೇಳ್ಬೇಕು ಅನ್ನಿಸ್ತು.”

ಡ್ರಿಲ್ ತಾನಾಗಿ ಎರಡನೇ ಗುರುತಿಗೆ ಇಳಿಯಿತು. ಸ್ವಿಚ್ ಆರಿಸಿದ. ನಿಲ್ಲಲಿಲ್ಲ. ವೈರು ಕಿತ್ತ. ನಿಲ್ಲಲಿಲ್ಲ.

“ಅಣ್ಣಾ, ಎದೆ! ಎದೇಲಿ ಏನೋ ಕೊರೀತಿದೆ!”

ಅವನು ನನ್ನ ಮುಖ ನೋಡಿದ. “ಅವಳು ನಿನ್ನ ಹಚ್ಚಿಕೊಂಡಿರೋ ತನಕ ಅದು ಬಿಡಲ್ಲ ಕಣೋ,” ಎಂದೆ.

ಒಂದು ಗಳಿಗೆ ಕಣ್ಣು ಮುಚ್ಚಿದ. ಆಮೇಲೆ ಅರಚಿದ.

“ಸಾಯಿ ಹೋಗೇ! ಅಮ್ಮ ಕೊನೇಲಿ ನಿನ್ನೇ ಕರೀತಿದ್ಲು. ಬೇಕಂತಲೇ ನಿನಗೆ ತಿಳಿಸಲಿಲ್ಲ ನಾನು!”

ಬಿಟ್ ಇಳಿಯುತ್ತಲೇ ಇತ್ತು. ಕೊನೆಗೆ ಅವಳ ದನಿ ಬಂತು.

“ನನ್ನ ಪಾಲಿಗೆ ನೀನು ಸತ್ತೆ.”

ಫೋನ್ ಕಟ್ಟಾಯಿತು. ಡ್ರಿಲ್ ನಿಂತಿತು. ತೂತು ಅರ್ಧ ಬಿದ್ದಿತ್ತು.

ಅವನು ಅರಚಿದ್ದು ಸುಳ್ಳು ಕಣ್ರೋ. ಅಮ್ಮ ಕರೀತಿರೋ ಸುದ್ದೀನ ಅವಳಿಗೆ ಮುಟ್ಟಿಸೋಕೆ ಮೂರು ದಿನ ಊರೂರು ಅಲೆದಿದ್ನಂತೆ. ಅಲ್ಲಿಂದ ಹನ್ನೆರಡು ವರ್ಷ ಬದುಕಿದ. ಒಂದು ಸಲಾನೂ ಫೋನ್ ಮಾಡಲಿಲ್ಲ. ಎಲ್ಲಿ ಅವಳ ಮನಸ್ಸು ಕರಗಿಬಿಡುತ್ತೋ ಅಂತ ಭಯ.

ಹೋದ ವಾರ ತೀರಿಕೊಂಡ. ಇನ್ನು ಅವಳು ಅವನನ್ನ ಎಷ್ಟು ಬೇಕಾದ್ರೂ ಹಚ್ಚಿಕೊಳ್ಳಬಹುದು. ಎಡ ಅಂಗೈಲಿ ತೂತಿರೋ ಹೆಂಗಸು ಎಲ್ಲಾದ್ರೂ ಕಂಡ್ರೆ ಈ ವಾಯ್ಸ್ ಮೆಸೇಜ್ ಕೇಳಿಸಿ. ಸಿಗೋ ತನಕ ಮುಂದಕ್ಕೆ ಕಳಿಸ್ತಾ ಇರಿ.